ರಜೆಯಲ್ಲಿರುವ ಪಾಸ್ಟರ್ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಹೆಚ್ಚಿಸಬೇಕೇ?

ಮೂರು ವಾರದ ರಜೆಯಲ್ಲಿದ್ದೀರಿ, ಬೈಬಲ್ ತೆರೆದರೆ ಒಣಒಣ, ಹೆಂಡತಿ ಮಕ್ಕಳು ದೂರ ದೂರ. ಅದಕ್ಕೇ ಕುಟುಂಬ ಪ್ರಾರ್ಥನೆಯ ಹೊತ್ತು ಹೆಚ್ಚಿಸಲೇ ಅಂತ ಕೇಳಿದ್ದೀರಿ. ನಾನೂ ಸಭೆ ನಡೆಸುವವನೇ, ಈ ಪ್ರಶ್ನೆ ನನಗೆ ಹೊಸದಲ್ಲ. ಹೆಚ್ಚಿಸಬೇಡಿ. ಸಭೆಯಲ್ಲಿ ಕಂಡ ಪಾಸ್ಟರನ್ನೇ ಊಟಕ್ಕೆ ಕೂತಾಗಲೂ ಕಾಣುವ ಆಸೆ ಮನೆಯವರಿಗಿಲ್ಲ.

ನಮ್ಮ ರಜೆ ಕೆಡುವುದು ಬಹುಪಾಲು ಒಂದೇ ಮಾತಿನಿಂದ: "ತುರ್ತು ಇದ್ದರೆ ಮಾತ್ರ ಫೋನ್ ಮಾಡಿ." ಯಾವುದು ತುರ್ತು ಎಂಬ ತೀರ್ಮಾನ ಆಗ ಫೋನ್ ಮಾಡುವವರ ಪಾಲಾಗುತ್ತದೆ. ಮಗಳ ಪರೀಕ್ಷೆ, ಗಾಯನ ತಂಡದ ಜಗಳ, ಕಳೆದುಹೋದ ಬೀಗದ ಕೈ, ಅವರವರಿಗೆ ಎಲ್ಲವೂ ತುರ್ತೇ. ಫೋನ್ ಬರದ ದಿನವೂ ಉಳಿಯುವುದಿಲ್ಲ. ಬರಬಹುದು ಅಂತ ಕಿವಿ ಅತ್ತಲೇ ಇರುತ್ತದೆ, ಮಕ್ಕಳಿಗೆ ಅದು ಗೊತ್ತಾಗುತ್ತದೆ. ಫೋನನ್ನು ಹೆಂಡತಿಯ ಕೈಗೆ ಕೊಡುವುದು ಇನ್ನೂ ಕೆಟ್ಟದ್ದು: ಆಕೆಯ ರಜೆಯೂ ಹೋಯಿತು, "ಈಗ ಸಿಗೋದಿಲ್ಲ" ಎಂದ ಕೆಟ್ಟ ಹೆಸರೂ ಆಕೆಗೇ ಬಂತು.

ಸಭೆಯ ಒಬ್ಬ ಹಿರಿಯರನ್ನು ಗೊತ್ತು ಮಾಡಿ, ನಿಮ್ಮ ಕರೆಗಳನ್ನೆಲ್ಲ ಅವರ ಸಂಖ್ಯೆಗೆ ಫಾರ್ವರ್ಡ್ ಮಾಡಿ. ಸಮಾಧಿ ಆರಾಧನೆ ಯಾರು ನಡೆಸುವುದು, ಆಸ್ಪತ್ರೆಗೆ ಯಾರು ಹೋಗುವುದು, ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ಕೊಡುವ ಅಧಿಕಾರ ಯಾರಿಗಿದೆ, ಚೆಕ್ಕಿಗೆ ಸಹಿ ಯಾರದು, ಇಷ್ಟನ್ನು ಅರ್ಧ ಪುಟದಲ್ಲಿ ಬರೆದುಕೊಡಿ. ಸಾವಿನ ಸುದ್ದಿ ನಿಮಗೆ ತಿಳಿಸಬೇಕೇ, ತಿಳಿದರೆ ವಾಪಸ್ ಬರುತ್ತೀರಾ ಎಂಬುದು ಎರಡು ಬೇರೆ ಪ್ರಶ್ನೆ. ಎರಡಕ್ಕೂ ಉತ್ತರ ಆ ಹಾಳೆಯಲ್ಲಿರಲಿ. ಈ ಏರ್ಪಾಡಿನ ಪ್ರಕಟಣೆಯನ್ನು ಈ ಭಾನುವಾರ ಸಭೆಯಲ್ಲಿ ಆ ಹಿರಿಯರೇ ಮಾಡಲಿ. ವಾಟ್ಸಾಪ್ ಗುಂಪುಗಳನ್ನು ಮ್ಯೂಟ್ ಮಾಡಿದರೆ ಇಣುಕುವ ಚಟ ಹೋಗುವುದಿಲ್ಲ, ಆ್ಯಪನ್ನೇ ತೆಗೆದುಹಾಕಿ.

ಕೆಲಸ ಹಂಚುವ ಮಾತು ಬಂದರೆ ನಾವು ಬೈಬಲಿನ ವಿಮೋಚನಕಾಂಡ 18 ತೆರೆದು ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲಿನ ಅಧಿಪತಿಗಳ ಬಗ್ಗೆ ಪ್ರಸಂಗ ಮಾಡುತ್ತೇವೆ. ಅಧ್ಯಾಯದ ಆರಂಭವನ್ನು ದಾಟಿಬಿಡುತ್ತೇವೆ. ಮೋಶೆಯ ಮಾವ ಇತ್ರೋ ಅಡವಿಗೆ ಬಂದದ್ದು ಮೋಶೆ ತವರಿಗೆ ಕಳುಹಿಸಿದ್ದ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು. ಮೋಶೆ ಮಾವನಿಗೆ ನಮಸ್ಕರಿಸಿ ಮುದ್ದಿಟ್ಟದ್ದು ಬರೆದಿದೆ. ಹೆಂಡತಿ ಮಕ್ಕಳನ್ನು ಮಾತಾಡಿಸಿದ್ದು ಬರೆದಿಲ್ಲ. ಮರುದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನ್ಯಾಯ ತೀರಿಸುತ್ತ ಕೂತ.

ಇನ್ನು ಒಣಗಿದ್ದು ನಿಮ್ಮ ನಂಬಿಕೆ ಅಂತ ನನಗನ್ನಿಸುವುದಿಲ್ಲ. ಪ್ರಸಂಗಕ್ಕೆಂದೇ ಓದಿದ ಕಣ್ಣು ವಚನ ಕಂಡ ಕೂಡಲೇ ಮೂರು ಅಂಶ ಹುಡುಕುತ್ತದೆ. ಪ್ರಸಂಗವೇ ಇಲ್ಲದಾಗ ಆ ಓದಿಗೆ ಕೆಲಸವಿಲ್ಲ. ಪೆನ್ನು, ನೋಟುಪುಸ್ತಕ, ವ್ಯಾಖ್ಯಾನ ಗ್ರಂಥ ಎತ್ತಿಡಿ. ಮಾರ್ಕನ ಸುವಾರ್ತೆಯ 16 ಅಧ್ಯಾಯಗಳನ್ನು ಒಂದೇ ಸಲ ಕೂತು ಗಟ್ಟಿಯಾಗಿ ಓದಿ, ಹೆಚ್ಚುಕಮ್ಮಿ ಎರಡು ಗಂಟೆ ಹಿಡಿಯುತ್ತದೆ. ಮೊದಲ ವಾರ ಬರೀ ನಿದ್ದೆ, ಸಿಡುಕು ಇದ್ದರೆ ಅದನ್ನು ಆತ್ಮಿಕ ಸೋಲು ಅಂದುಕೊಳ್ಳಬೇಡಿ. ಸಾವು ಬೇಡಿದ ಪ್ರವಾದಿ ಎಲೀಯನಿಗೆ 1 ಅರಸುಗಳು 19ರಲ್ಲಿ ಮೊದಲು ಸಿಕ್ಕಿದ್ದು ರೊಟ್ಟಿ, ನೀರು, ಮತ್ತೊಂದು ನಿದ್ದೆ. ಎರಡು ವಾರ ಕಳೆದರೂ ನಿದ್ದೆ, ಹಸಿವು ಸರಿಹೋಗದಿದ್ದರೆ ವೈದ್ಯರಲ್ಲಿಗೆ ಹೋಗಿ, ಉಪವಾಸ ಪ್ರಾರ್ಥನೆಗೆ ಕೂರಬೇಡಿ.

ಭಾನುವಾರ ನಿಮ್ಮ ಪರಿಚಯವಿಲ್ಲದ ಸಭೆಗೆ ಹೋಗಿ ಕೊನೆಯ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಕೂರಿ. ಗಂಡನ ಪಕ್ಕ ಕೂತು ಆರಾಧಿಸುವ ಭಾನುವಾರ ಪಾಸ್ಟರ್ ಹೆಂಡತಿಗೆ ಅಪರೂಪ. ಹೊರಬಂದ ಮೇಲೆ ಅಲ್ಲಿನ ಪ್ರಸಂಗಕ್ಕೆ ಅಂಕ ಹಾಕಬೇಡಿ (ಕಷ್ಟ, ಗೊತ್ತು). ಮನೆಯಲ್ಲಿ ಮಕ್ಕಳು ಎರಡು ವಾಕ್ಯ ಪ್ರಾರ್ಥಿಸಿದರೆ ಅಲ್ಲಿಗೇ ಆಮೆನ್ ಹೇಳಿ.

ರಜೆ ಮುಗಿದ ಮೇಲಿನ ಮೊದಲ ಭಾನುವಾರದ ಪ್ರಸಂಗವನ್ನು ಬೇರೊಬ್ಬರಿಗೆ ಈಗಲೇ ವಹಿಸಿ. ಇಲ್ಲವಾದರೆ ಕೊನೆಯ ವಾರ ಅದರ ತಯಾರಿಯಲ್ಲೇ ಹೋಗಿ ಮೂರು ವಾರದ ರಜೆ ಎರಡಾಗುತ್ತದೆ.