ಆಟದ ಅಂಗಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ‘ಸ್ಟ್ರೀಟ್ ಫೈಟರ್ 6’ ಎಂಬ ಕಾದಾಟದ ವಿಡಿಯೊ ಗೇಮ್ ಕೊಂಡು ಎರಡು ತಿಂಗಳಾಯಿತು. ರ್‍ಯೂ ಪಾತ್ರದ ಹೊಡೆತಗಳೆಲ್ಲ ಬಾಯಿಪಾಠವಾಗಿವೆ. ಆದರೂ ಆನ್‌ಲೈನ್‌ನಲ್ಲಿ ಹತ್ತು ಪಂದ್ಯಕ್ಕೆ ಒಂಬತ್ತು ಸೋಲು. ಇಂಥ ಆಟಗಳನ್ನು ಇಷ್ಟು ಕಷ್ಟವಾಗಿ ಏಕೆ ಮಾಡುತ್ತಾರೆ? ಒಂದು ಗುಂಡಿಗೆ ಒಂದು ಹೊಡೆತ ಕೊಟ್ಟರೆ ಸಾಲದೇ?
– ಓದುಗರು, ಶಿರಸಿ

ಉತ್ತರ: ತೊಂಬತ್ತರ ದಶಕದಲ್ಲಿ ಕಾರವಾರದ ನನ್ನ ಸೋದರಮಾವನ ಸೋಡಾ ಅಂಗಡಿಯ ಮೂಲೆಯಲ್ಲಿ ‘ಸ್ಟ್ರೀಟ್ ಫೈಟರ್ 2’ ಯಂತ್ರವಿತ್ತು. ಕ್ಯಾಪ್‌ಕಾಮ್ 1991ರಲ್ಲಿ ಹೊರತಂದ ಆಟ ಅದು. ಕಡಲ ಉಪ್ಪುಗಾಳಿಗೆ ಹಿಡಿಕೆಯೊಳಗಿನ ಸ್ವಿಚ್ಚುಗಳು ತುಕ್ಕು ಹಿಡಿಯುತ್ತಿದ್ದವು. ಒಂದು ಮಳೆಗಾಲದಲ್ಲಿ ‘ಕೆಳಗೆ’ ಎಂಬ ದಿಕ್ಕೇ ಸತ್ತುಹೋಯಿತು. ರ್‍ಯೂನ ಹಡೋಕೆನ್ (ಕೈಯಿಂದ ಹೊರಡುವ ಶಕ್ತಿಯುಂಡೆ) ಹೊಡೆತಕ್ಕೆ ಹಿಡಿಕೆಯನ್ನು ಕೆಳಗೆ, ಓರೆಗೆ, ಮುಂದಕ್ಕೆ ಹೊರಳಿಸಿ ಗುದ್ದಿನ ಗುಂಡಿ ಒತ್ತಬೇಕು. ಅದು ಸಾಧ್ಯವೇ ಇರಲಿಲ್ಲ. ಹಾಗಾಗಿ ನಾನು ಗೈಲ್ ಎಂಬ ಇನ್ನೊಂದು ಪಾತ್ರವನ್ನು ಆರಿಸಿಕೊಂಡೆ. ಹಿಡಿಕೆಯನ್ನು ಹಿಂದಕ್ಕೆ ಎಳೆದು ಸ್ವಲ್ಪ ಕಾಯಬೇಕು, ಮುಂದಕ್ಕೆ ತಳ್ಳಿ ಗುದ್ದಬೇಕು: ಅವನ ವಿಶೇಷ ಹೊಡೆತ ಸೋನಿಕ್ ಬೂಮ್!

ಆ ಕಾಯುವಿಕೆಯೇ ನನಗೆ ಆಟದ ರಚನೆಯನ್ನು ಕಲಿಸಿತು. ಹಿಂದಕ್ಕೆ ಎಳೆದು ಹಿಡಿದಷ್ಟು ಹೊತ್ತೂ ಗೈಲ್ ಏಟು ತಡೆಯಲು ಸಿದ್ಧನಾಗಿರುತ್ತಾನೆ. ನಡೆದು ಮುಂದೆ ಹೋದರೆ ಕಾದು ಕೂಡಿಟ್ಟದ್ದು ಕರಗುತ್ತದೆ. ಅವನ ತಾಳ್ಮೆಯ ಸ್ವಭಾವ ಆ ಹಿಡಿಕೆಯ ಚಲನೆಯಲ್ಲಿಯೇ ಇದೆ. ರ್‍ಯೂನ ಶೋರ್‍ಯುಕೆನ್ ಎಂಬ ಮೇಲೇರುವ ಗುದ್ದು ಇದಕ್ಕೆ ತದ್ವಿರುದ್ಧ. ಅದು ‘ಮುಂದಕ್ಕೆ’ ಎಂದೇ ಶುರುವಾಗುತ್ತದೆ. ಮುಂದಕ್ಕೆ ತಳ್ಳಿದ ಕ್ಷಣ ತಡೆ ಕೈಬಿಟ್ಟಿತು. ಅಷ್ಟು ಬಲವಾದ ಹೊಡೆತಕ್ಕೆ ಆ ಅಪಾಯವೇ ಬೆಲೆ. ಎಲ್ಲವನ್ನೂ ಒಂದೊಂದು ಗುಂಡಿಗೆ ಇಳಿಸಿದರೆ ಇಬ್ಬರ ಸ್ವಭಾವವೂ ಅಳಿಸಿಹೋಗುತ್ತದೆ. ನನಗೆ ಅದು ದೊಡ್ಡ ನಷ್ಟ.

ಆದರೆ ನೀವು ಸೋಲುತ್ತಿರುವುದು ಕೈಯ ಕಷ್ಟದಿಂದಲ್ಲ ಎಂದು ನನಗೆ ಅನ್ನಿಸುತ್ತದೆ. ಶಿರಸಿಯವರಿಗೆ ತಾಳಮದ್ದಳೆಯ ಬಗ್ಗೆ ವಿವರಿಸಬೇಕಾಗಿಲ್ಲ. ಪ್ರಸಂಗದ ಪದ್ಯಗಳೆಲ್ಲ ಕಂಠಪಾಠವಾಗಿದ್ದರೂ, ಎದುರಿನ ಅರ್ಥಧಾರಿ ಎತ್ತಿದ ಮಾತಿಗೆ ಅಲ್ಲಿಯೇ ಉತ್ತರ ಹುಟ್ಟದಿದ್ದರೆ ಕೂಟ ಏರುವುದಿಲ್ಲ. ನೀವು ಪದ್ಯ ಕಲಿತಿದ್ದೀರಿ, ಎದುರಿನವರ ಮಾತಿಗೆ ಇನ್ನೂ ಕಿವಿಗೊಟ್ಟಿಲ್ಲ. ಈ ಆಟದಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಮೇಲೆ 60 ಚಿತ್ರಗಳು. ಅತಿ ವೇಗದ ಗುದ್ದು ನಾಲ್ಕೇ ಫ್ರೇಮಿನಲ್ಲಿ ತಾಗುತ್ತದೆ. ಅದನ್ನು ಕಣ್ಣಿನಿಂದ ಕಂಡು ತಡೆಯುವುದು ಮನುಷ್ಯರಿಗೆ ಆಗದ ಮಾತು, ಊಹಿಸಿಯೇ ತಡೆಯಬೇಕು. ಜಿಗಿತ ಹಾಗಲ್ಲ. ಅದು ಮುಕ್ಕಾಲು ಸೆಕೆಂಡಿನಷ್ಟು ಹೊತ್ತು ಗಾಳಿಯಲ್ಲಿರುತ್ತದೆ, ಕಂಡು ಹೊಡೆಯಬಹುದು. ಒಂದು ವಾರ ವಿಶೇಷ ಹೊಡೆತಗಳನ್ನು ಬದಿಗಿಡಿ. ತಡೆಯಿರಿ, ಜಿಗಿದು ಬಂದವರನ್ನು ಹೊಡೆದು ಕೆಡವಿ. ಎದುರಾಳಿ ಸುಮ್ಮನೆ ತಡೆಯುತ್ತಲೇ ನಿಂತರೆ ಹಿಡಿದು ಎಸೆಯಿರಿ; ಎಸೆತವನ್ನು ಆ ತಡೆ ನಿಲ್ಲಿಸಲಾರದು. ಹೊಡೆತ, ತಡೆ, ಎಸೆತ: ಆಟದ ಬುಡ ಈ ಮೂರರಲ್ಲಿದೆ.

ಇನ್ನೊಂದು ಮಾತು. ದಿನಕ್ಕೊಬ್ಬ ಅಪರಿಚಿತರ ಬದಲು ಪಕ್ಕದಲ್ಲಿ ಕುಳಿತು ಆಡುವ ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳಿ. ಲಾಹೋರಿನ ಕಾದಾಟದ ಆಟಗಾರ ಅರ್ಸಲಾನ್ ಆಶ್ ಊರಿನ ಆಟದಂಗಡಿಗಳಲ್ಲಿ ಬಲ್ಲವರೊಡನೆ ಆಡಿಯೇ ಪಳಗಿದವರು. 2019ರಲ್ಲಿ ಅವರು ಇಂಥದೇ ಆಟವಾದ ‘ಟೆಕ್ಕೆನ್ 7’ರಲ್ಲಿ ಎವೊ ಜಪಾನ್ ಮತ್ತು ಎವೊ ಎಂಬ ದೊಡ್ಡ ಪಂದ್ಯಾವಳಿಗಳೆರಡನ್ನೂ ಗೆದ್ದರು.

ಪ್ರಶ್ನೆ: ‘ಸ್ಟ್ರೀಟ್ ಫೈಟರ್ 6’ ಆಟವನ್ನು ನನ್ನ ಮಗಳು ‘ಮಾಡರ್ನ್’ ನಿಯಂತ್ರಣದಲ್ಲಿ ಆಡುತ್ತಾಳೆ, ಒಂದು ಗುಂಡಿಗೆ ವಿಶೇಷ ಹೊಡೆತ ಬರುತ್ತದೆ. ಇದು ಮೋಸ ಎಂದು ಅವಳ ಅಣ್ಣ ಜಗಳವಾಡುತ್ತಾನೆ.
– ಓದುಗರು, ಕುಮಟಾ

ಉತ್ತರ: ಮೋಸವಲ್ಲ ತಾಯಿ. ಒಂದೇ ಗುಂಡಿಯಲ್ಲಿ ಬಂದ ವಿಶೇಷ ಹೊಡೆತದ ಬಲ ಶೇ 20ರಷ್ಟು ಕಡಿಮೆ. ಕೆಲವು ಸಾಮಾನ್ಯ ಗುದ್ದು, ಒದೆತಗಳು ಅವಳಿಗೆ ಸಿಗುವುದೂ ಇಲ್ಲ. ಅಣ್ಣ ಅವಳ ಎದುರು ಜಿಗಿಯುವುದನ್ನು ಕಡಿಮೆ ಮಾಡಲಿ. ಆ ಒಂದು ಗುಂಡಿ ಹೆಚ್ಚು ಉಪಯೋಗಕ್ಕೆ ಬರುವುದು ಅಲ್ಲಿಯೇ.