ಹಳೆಯ ನೆಟ್ ಬಿಡುವ ಮುನ್ನ ತಂತಿಯ ದಾರಿ ನೋಡಿ

ಪ್ರಶ್ನೆ: ಅಕ್ಕಾ, ನಮ್ಮ ಮನೆ ಆಲ್ದೂರಿನ ಹತ್ತಿರ, ರಸ್ತೆಯಿಂದ ಸುಮಾರು ನಾನೂರು ಮೀಟರ್ ಒಳಗೆ ಕಾಫಿ ತೋಟದ ನಡುವೆ ಇದೆ. ಹದಿನೈದು ವರ್ಷದಿಂದ ಟೆಲಿಫೋನ್ ತಂತಿಯಲ್ಲಿ ಬರುವ ಬ್ರಾಡ್‌ಬ್ಯಾಂಡನ್ನೇ ಬಳಸುತ್ತಿದ್ದೇವೆ. ಮಳೆ ಹಿಡಿದರೆ ನಿಂತೇ ಹೋಗುತ್ತದೆ. ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಈಗ ಮನೆಯಿಂದಲೇ ಮಾಡುತ್ತಾಳೆ. ಮೀಟಿಂಗ್ ನಡುವೆ ಅವಳ ಧ್ವನಿ ಅತ್ತ ಕಡೆಯವರಿಗೆ ಕೇಳಿಸುವುದಿಲ್ಲ. ಬದಲಿಸೋಣವೆಂದರೆ ಮೂವರು ಮೂರು ಮಾತು ಹೇಳುತ್ತಾರೆ. ಟಿವಿ ಕೇಬಲ್‌ನವರು ತಾವೇ ಫೈಬರ್ ಎಳೆಯುತ್ತೇವೆ ಎನ್ನುತ್ತಾರೆ. ಒಂದು ದೊಡ್ಡ ಕಂಪನಿಯ ಹುಡುಗ ಇನ್ನೂ ಕಡಿಮೆ ದರಕ್ಕೆ ಎರಡರಷ್ಟು ವೇಗ ಕೊಡುತ್ತೇನೆ ಎಂದ. ಮೂರನೆಯವರು ತಂತಿಯೇ ಬೇಡ, ಮಾಡಿನ ಮೇಲೆ ಪೆಟ್ಟಿಗೆ ಕೂರಿಸಿದರೆ ಸಾಕು ಎಂದರು. ಮಾವನವರು ಮಾತ್ರ 08262ರ ಹಳೆಯ ನಂಬರನ್ನು ಬಿಡಬಾರದು ಎಂದು ಹಟ ಹಿಡಿದಿದ್ದಾರೆ. ಯಾವುದನ್ನು ಆರಿಸಲಿ?
ತೋಟದ ಮನೆಯ ಗೃಹಿಣಿ, ಆಲ್ದೂರು

ಉತ್ತರ: ತಂಗಿ, ನಿಮ್ಮ ಪತ್ರದ ತುಂಬ ಕಂಪನಿಗಳ ಮಾತಿದೆ. ಆ ನಾನೂರು ಮೀಟರಿನ ಬಗ್ಗೆ ಇರುವುದು ಒಂದೇ ಸಾಲು. ನನ್ನ ಕಣ್ಣು ನಿಂತದ್ದು ಆ ಸಾಲಿನ ಮೇಲೆ. ಇಪ್ಪತ್ತೆಂಟು ವರ್ಷ ನಾನು ಈ ಜಿಲ್ಲೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕೆಲಸ ಮಾಡಿದ್ದೇನೆ. ಬೆಳಿಗ್ಗೆ ದೂರಿನ ಪುಸ್ತಕ ತೆರೆದರೆ, ಮಳೆಗಾಲದ ದೂರುಗಳಲ್ಲಿ ಹೆಚ್ಚಿನವು ಮುಖ್ಯ ಕೇಬಲ್ಲಿಗಾಗಲಿ ಯಂತ್ರಗಳಿಗಾಗಲಿ ಸೇರಿದವಾಗಿರುತ್ತಿರಲಿಲ್ಲ. ರಸ್ತೆಯ ಕೊನೆಯ ಕಂಬದಿಂದ ಮನೆಯ ಗೋಡೆಯವರೆಗಿನ ತುಂಡಿನಲ್ಲೇ ತೊಂದರೆ ಇರುತ್ತಿತ್ತು. ಕಂಪನಿ ಯಾವುದಾದರೂ ನಿಮ್ಮ ಮನೆಗೆ ನೆಟ್ ಬರುವುದು ಆ ತುಂಡನ್ನು ದಾಟಿಯೇ.

ಈಗಿನ ಲೈನು ಏಕೆ ಸೋಲುತ್ತಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಿಮ್ಮದು ತಾಮ್ರದ ಜೋಡಿ ತಂತಿ. ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ಅದರಲ್ಲಿ ವೇಗ ಇಳಿಯುತ್ತದೆ. ಜಾಯಿಂಟಿನೊಳಗೆ ನೀರಿಳಿದರೆ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ನಾಲ್ಕು ದಿನ ಬಿಸಿಲು ಬಂದಾಗ ಲೈನು ತಾನಾಗಿಯೇ ಸರಿಹೋದಂತೆ ಕಾಣುತ್ತದೆ, ಮತ್ತೆ ಮಳೆ ಬಂದಾಗ ಕೈಕೊಡುತ್ತದೆ. ಜೊತೆಗೆ ಈ ಬಗೆಯ ಲೈನಿನಲ್ಲಿ ಮನೆಯೊಳಕ್ಕೆ ಬರುವ ವೇಗಕ್ಕಿಂತ ಹೊರಕ್ಕೆ ಹೋಗುವ ವೇಗ ತೀರ ಕಡಿಮೆ. ಮಗಳಿಗೆ ಬೇರೆಯವರ ಮಾತು ಕೇಳಿಸಿ, ಅವಳ ಮಾತು ಅವರಿಗೆ ಕೇಳಿಸದೆ ಹೋಗುವುದು ಇದರಿಂದ. ಹೊಸಬರನ್ನು ಕೇಳುವಾಗ ಅಪ್‌ಲೋಡ್ ವೇಗವನ್ನೂ ಬಿಡಿಸಿ ಕೇಳಿ.

ಫೈಬರ್ ಎಂದರೆ ಗಾಜಿನ ಎಳೆ. ಅದರ ದಪ್ಪ 125 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತುಸು ಹೆಚ್ಚು. ಬೆಳಕು ಸಾಗುವ ನಡುಭಾಗ ಅದರೊಳಗೆ ಕೇವಲ 9 ಮೈಕ್ರಾನ್. ಗಾಜಿಗೆ ಕಿಲುಬಿಲ್ಲ, ಮಿಂಚು ಅದರೊಳಗೆ ಹರಿದು ಬರುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಕಪ್ಪು ಕೇಬಲ್ಲಿಗೆ ಬಲಕ್ಕಾಗಿ ಪಕ್ಕದಲ್ಲೊಂದು ಉಕ್ಕಿನ ತಂತಿ ಇರುತ್ತದೆ. ಆ ಉಕ್ಕನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ಬಿಗಿದು ಅಲ್ಲಿಗೇ ಕತ್ತರಿಸಲು ಹೇಳಿ, ಒಳಗೆ ಬರಬೇಕಾದದ್ದು ಗಾಜಿನ ಎಳೆ ಮಾತ್ರ. ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗು ಮಿಂಚಿಗೆ ಎಷ್ಟು ಮೋಡೆಮ್‌ಗಳು ಸುಟ್ಟು ಕರಕಲಾಗಿ ನನ್ನ ಮೇಜಿಗೆ ಬರುತ್ತಿದ್ದವೆಂದು ನಾನೇ ಬಲ್ಲೆ.

ಇನ್ನು ಆ ನಾನೂರು ಮೀಟರ್. ಯಾರನ್ನೂ ಕರೆಸುವ ಮೊದಲು ಒಂದು ಸಂಜೆ ಮನೆಯಿಂದ ಗೇಟಿನವರೆಗೆ ತಲೆಯೆತ್ತಿ ನಡೆದು ನೋಡಿ. ಈಗಿನ ತಂತಿ ಯಾವ ಸಿಲ್ವರ್ ಓಕ್ ಮರಕ್ಕೆ ಕಟ್ಟಿದೆ, ಯಾವ ಕೊಂಬೆ ಅದಕ್ಕೆ ಉಜ್ಜುತ್ತದೆ, ಮರಗಸಿ ಮಾಡುವಾಗ ಯಾವ ಕಡೆ ರೆಂಬೆಗಳು ಬೀಳುತ್ತವೆ ಎಂಬುದನ್ನು ಗಮನಿಸಿ. ಕೇಬಲ್ ಎಳೆಯಲು ಬರುವ ಹುಡುಗರು ಹಳೆಯ ದಾರಿಯಲ್ಲೇ, ಹಳೆಯ ಮರಗಳಿಗೇ ನೈಲಾನ್ ಹಗ್ಗದಿಂದ ಬಿಗಿದು ಮಧ್ಯಾಹ್ನದೊಳಗೆ ಮುಗಿಸಿ ಹೋಗುತ್ತಾರೆ. ಅದಕ್ಕೆ ಒಪ್ಪಬೇಡಿ. ತೋಟದಲ್ಲಿ ನೀರು ಹಾಯಿಸುವ ಕಪ್ಪು ಪೈಪು ನಿಮ್ಮಲ್ಲಿ ಇದ್ದೇ ಇರುತ್ತದೆ. ಕಾರು ಬರುವ ದಾರಿಯ ಅಂಚಿನಲ್ಲಿ ಒಂದೂವರೆ ಅಡಿ ಆಳಕ್ಕೆ ಅದನ್ನು ಹೂಳಿಸಿ, ಒಳಗೆ ಎಳೆದುಕೊಳ್ಳಲು ಒಂದು ಹಗ್ಗ ಬಿಟ್ಟಿರಿ. ಕೇಬಲ್ ಅದರೊಳಗೆ ಬರಲಿ. ಗೊಬ್ಬರದ ಕೆಲಸದವರ ಗುದ್ದಲಿ ತಗುಲದಂತೆ ಅಲ್ಲಲ್ಲಿ ಕಲ್ಲು ನೆಟ್ಟು ಗುರುತು ಮಾಡಿ. ಮೊದಲಿಗೆ ಖರ್ಚು ಬರುತ್ತದೆ, ನಿಜ. ಆದರೆ ಮುಂದೆ ಯಾವ ಕಂಪನಿಗೆ ಹೋದರೂ ಪೈಪು ನಿಮ್ಮದೇ. ನಿಮ್ಮ ಕಡೆ ಆನೆಗಳ ಓಡಾಟವೂ ಇರುವುದರಿಂದ ನೆಲದ ಕೆಳಗಿನ ದಾರಿಯನ್ನೇ ನಾನು ಒತ್ತಿ ಹೇಳುತ್ತೇನೆ.

ಈಗ ಕಂಪನಿಗಳ ಮಾತು. ತಂತಿ ಎಳೆಯುವ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ಫೈಬರ್ ಕಡಿದರೆ ಜಾಯಿಂಟ್ ಹಾಕುವ ಯಂತ್ರ ಯಾವ ಊರಿನಲ್ಲಿದೆ? ತಾಮ್ರದ ತಂತಿ ಕಡಿದರೆ ನಮ್ಮ ಲೈನ್‌ಮನ್‌ಗಳು ಕೈಯಲ್ಲೇ ಹೊಸೆದು ಟೇಪ್ ಸುತ್ತಿ ಬರುತ್ತಿದ್ದರು. ಗಾಜಿಗೆ ಅದು ನಡೆಯುವುದಿಲ್ಲ. ಎರಡು ತುದಿಗಳ ಹೊದಿಕೆ ಸುಲಿದು, ಸ್ಪಿರಿಟ್ಟಿನಿಂದ ಒರೆಸಿ, ನೇರವಾಗಿ ಕತ್ತರಿಸಿ ಯಂತ್ರದೊಳಗೆ ಎದುರುಬದುರಾಗಿ ಇಡುತ್ತಾರೆ. ಪುಟ್ಟ ಪರದೆಯ ಮೇಲೆ ಎರಡು ಬೂದು ಕಡ್ಡಿಗಳು ನಿಧಾನವಾಗಿ ಒಂದರ ಹತ್ತಿರ ಒಂದು ಬರುತ್ತವೆ, ನಡುವೆ ಒಂದು ಕಿಡಿ ಹಾರುತ್ತದೆ, ಮರುಕ್ಷಣ ಅಲ್ಲಿ ಗೆರೆಯೇ ಇರುವುದಿಲ್ಲ. ಆ ಮೇಲೆ ಪಾರದರ್ಶಕ ಕೊಳವೆಯೊಂದನ್ನು ಜಾಯಿಂಟಿನ ಮೇಲೆ ಸರಿಸಿ ಕಾಯಿಸಿ ಕುಗ್ಗಿಸುತ್ತಾರೆ. ಕೆಲಸ ಕೆಲವೇ ನಿಮಿಷದ್ದು, ಆದರೆ ಯಂತ್ರ ಬೆಲೆಬಾಳುವಂಥದ್ದು, ಎಲ್ಲರ ಹತ್ತಿರವೂ ಇರುವುದಿಲ್ಲ. ಕೇಬಲ್‌ನವರ ಯಂತ್ರ ಆಲ್ದೂರಿನಲ್ಲೇ ಇದ್ದು, ದೊಡ್ಡ ಕಂಪನಿಯದು ಚಿಕ್ಕಮಗಳೂರಿನಿಂದಲೋ ಹಾಸನದಿಂದಲೋ ಬರಬೇಕಿದ್ದರೆ, ಪುಷ್ಯ ಮಳೆಯ ವಾರದಲ್ಲಿ ನಿಮ್ಮ ಸರದಿ ಯಾವಾಗ ಬರುತ್ತದೆಂದು ನೀವೇ ಲೆಕ್ಕ ಹಾಕಿ. ಅಕ್ಕಪಕ್ಕದ ತೋಟದವರನ್ನು ‘ನೆಟ್ ಚೆನ್ನಾಗಿದೆಯೇ’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕಳೆದ ಆಗಸ್ಟಿನಲ್ಲಿ ಹೋದಾಗ ಎಷ್ಟು ದಿನಕ್ಕೆ ಬಂತು, ಯಾರು ಬಂದು ಸರಿಮಾಡಿದರು ಎಂದು ಕೇಳಿ.

ಸಂಪರ್ಕ ಕೊಟ್ಟ ದಿನ ಹುಡುಗನ ಬಳಿ ಫೈಬರಿನಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಇರುತ್ತದೆ. ಅದರಲ್ಲಿ ಬರುವ ಅಂಕಿಯನ್ನು ನೀವೂ ನೋಡಿ ಬರೆದಿಟ್ಟುಕೊಳ್ಳಿ. ಮೈನಸ್ ಹದಿನೈದರಿಂದ ಇಪ್ಪತ್ತಮೂರರವರೆಗೆ ಇದ್ದರೆ ನೆಮ್ಮದಿ. ಮೈನಸ್ ಇಪ್ಪತ್ತಾರು, ಇಪ್ಪತ್ತೇಳು ಬಂದರೆ ಆ ದಿನಕ್ಕೆ ನೆಟ್ ಓಡಿದರೂ ಒಂದು ಗಾಳಿಗೆ ನಿಲ್ಲುತ್ತದೆ. ಜಾಯಿಂಟನ್ನು ಮತ್ತೆ ಹಾಕಿಸಿ, ಆಮೇಲೆಯೇ ಸಹಿ ಮಾಡಿ. ಮನೆಯೊಳಗೆ ರೂಟರಿಗೆ ಹೋಗುವ ಹಳದಿ ಫೈಬರ್ ಎಳೆಯನ್ನು ಕಿಟಕಿಯ ಸಂದಿನಲ್ಲಿ ಮಡಚಿ ಒತ್ತಿದರೆ ಅಲ್ಲೇ ಬೆಳಕು ಸೋರುತ್ತದೆ. ಗೋಡೆಗೆ ಒಂದು ತೂತು ಕೊರೆಸಿ, ಹೊರಗಡೆ ತುಸು ಕೆಳಮುಖವಾಗಿ.

ಮಾಡಿನ ಮೇಲೆ ಪೆಟ್ಟಿಗೆ ಕೂರಿಸುವವರು ಕೊಡುವುದು 5ಜಿ ಟವರಿನಿಂದ ಗಾಳಿಯಲ್ಲಿ ಬರುವ ಸಂಪರ್ಕ. ಜಿಯೊ, ಏರ್‌ಟೆಲ್ ಎರಡೂ 2023ರಲ್ಲಿ ಏರ್‌ಫೈಬರ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದವು. ಟವರ್ ಕಣ್ಣಿಗೆ ಕಾಣುವ ಪಟ್ಟಣದ ಮನೆಗಳಿಗೆ ಒಳ್ಳೆಯ ಏರ್ಪಾಡು. ನಿಮ್ಮ ಮನೆಯ ಸುತ್ತಲೂ ತೋಟದ ಮರಗಳು. ಒದ್ದೆಯಾದ ಎಲೆ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ತೋರಿಸಿದ ವೇಗವನ್ನು ನಂಬಬೇಡಿ, ಮಳೆ ಸುರಿಯುವ ರಾತ್ರಿ ಎಂಟು ಗಂಟೆಗೆ ಅಳೆದು ನೋಡಿದ ಮೇಲೆ ಮಾತ್ರ ದುಡ್ಡು ಕೊಡುವುದಾದರೆ ಒಪ್ಪಿ.

ಎರಡರಷ್ಟು ವೇಗದ ಆಸೆ ಬೇಡ. ಒಂದು ವಿಡಿಯೊ ಮೀಟಿಂಗಿಗೆ ನಾಲ್ಕು ಎಂಬಿಪಿಎಸ್ ಧಾರಾಳ. ಮಗಳ ಕೆಲಸ, ನಿಮ್ಮ ಟಿವಿ, ಎಲ್ಲರ ಮೊಬೈಲ್ ಸೇರಿ 50 ಎಂಬಿಪಿಎಸ್ ಸಾಲುತ್ತದೆ. ಜಾಹೀರಾತಿನಲ್ಲಿ 599 ರೂಪಾಯಿ ಎಂದಿದ್ದರೆ, ಅದಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿದರೆ ಕೈಯಿಂದ ಹೋಗುವುದು ಸುಮಾರು 707. ಆರು ತಿಂಗಳು, ವರ್ಷದ ಹಣ ಮುಂಗಡ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ಮೊದಲ ಮಳೆಗಾಲ ಮುಗಿಯುವ ತನಕ ತಿಂಗಳು ತಿಂಗಳೇ ಕಟ್ಟಿ. ರೂಟರ್ ಉಚಿತ ಎಂದರೆ ನಿಮಗೇ ಸೇರುತ್ತದೆಯೋ, ಬಿಡುವಾಗ ಮರಳಿಸಬೇಕೋ ಎಂದು ಬರಹದಲ್ಲಿ ಪಡೆಯಿರಿ. ಕರೆಂಟ್ ಹೋದಾಗ ಗಾಜಿನಲ್ಲಿ ಬೆಳಕು ಬರುತ್ತಲೇ ಇದ್ದರೂ ನಿಮ್ಮ ರೂಟರ್ ಆರಿರುತ್ತದೆ. 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಅದಕ್ಕೆ ಜೋಡಿಸಿ.

ಮಾವನವರ ನಂಬರಿನ ವಿಷಯ ಹಟವೆಂದು ತಳ್ಳಿಹಾಕಬೇಡಿ. ಬ್ಯಾಂಕು, ಕಾಫಿ ಕ್ಯೂರಿಂಗ್‌ನವರು, ದೂರದ ನೆಂಟರು, ಎಲ್ಲರ ಪುಸ್ತಕದಲ್ಲೂ ಅದೇ ನಂಬರ್ ಇರುತ್ತದೆ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರಲ್ಲಿ ಬಂದದ್ದು ಮೊಬೈಲಿಗೆ. ಮನೆಯ ಸ್ಥಿರ ದೂರವಾಣಿಗೆ ಅದಿಲ್ಲ. ನಿಮ್ಮ ಈಗಿನ ಕಂಪನಿಯೇ, ನೇರವಾಗಿಯೋ ಆ ಕೇಬಲ್‌ನವರ ಮೂಲಕವೋ, ಫೈಬರ್ ಕೊಡುತ್ತದೆಯೇ ಎಂದು ಚಿಕ್ಕಮಗಳೂರಿನ ಕಚೇರಿಗೆ ಹೋಗಿ ಕೇಳಿ. ಕೊಡುವುದಾದರೆ ಅರ್ಜಿಯಲ್ಲಿ ‘ಹೊಸ ಸಂಪರ್ಕ’ ಎಂದು ಬರೆಯದೆ, ಇದೇ ನಂಬರನ್ನು ತಾಮ್ರದಿಂದ ಫೈಬರಿಗೆ ವರ್ಗಾಯಿಸಿ ಎಂದು ಬರೆಯಿರಿ. ಹಳೆಯದನ್ನು ರದ್ದು ಮಾಡಿಸಿ ಆಮೇಲೆ ಹೋದರೆ ನಂಬರ್ ಕೈತಪ್ಪುತ್ತದೆ.

ನನಗಾದದ್ದನ್ನೂ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಮನೆಗೆ ಹೊಸ ಫೈಬರ್ ಬಂದ ದಿನವೇ ಹಳೆಯದನ್ನು ತೆಗೆಸಿದೆ. ಐದನೆಯ ದಿನ ರಸ್ತೆಯ ಚರಂಡಿ ಕೆಲಸದವರ ಯಂತ್ರಕ್ಕೆ ಕೇಬಲ್ ಸಿಕ್ಕಿ ಹರಿಯಿತು. ರೂಟರಿನಲ್ಲಿ ಕೆಂಪು ದೀಪ ಮಿಟುಕುತ್ತ ಹನ್ನೊಂದು ದಿನ ಕೂತಿತ್ತು. ಅದೇ ವಾರ ತಂಗಿಯ ಮಗನಿಗೆ ಆನ್‌ಲೈನಿನಲ್ಲಿ ಕೆಲಸದ ಸಂದರ್ಶನವಿತ್ತು. ಪಕ್ಕದ ಮನೆಯ ಜಗಲಿಯಲ್ಲಿ, ಅವರ ನೆಟ್ಟಿನಲ್ಲಿ, ಮಳೆಯ ಸದ್ದಿನ ನಡುವೆ ಅವನು ಕೂಗಿ ಕೂಗಿ ಮಾತನಾಡುವುದನ್ನು ನೋಡುತ್ತ ನಿಂತಿದ್ದೆ. ಹಳೆಯ ಲೈನಿನ ಒಂದು ತಿಂಗಳ ಬಿಲ್ ಉಳಿಸಹೋಗಿ ಹಾಗಾಯಿತು.

ಆದ್ದರಿಂದ ನನ್ನ ಮಾತು ಇಷ್ಟು: ಜಾಯಿಂಟ್ ಹಾಕುವ ಯಂತ್ರ ಆಲ್ದೂರಿನಲ್ಲೇ ಇದೆ ಎಂದಾದರೆ ಕೇಬಲ್‌ನವರ ಫೈಬರ್ ಹಾಕಿಸಿ, ಪೈಪಿನೊಳಗೆ. ಆರಿದ್ರಾ ಮಳೆ ಮುಗಿಯುವ ತನಕ ಹಳೆಯ ಲೈನನ್ನು ಮುಟ್ಟಬೇಡಿ.

ಪ್ರಶ್ನೆ: ಹಾಸನದ ಕುವೆಂಪುನಗರದಲ್ಲಿ ಬಾಡಿಗೆಗೆ ಇದ್ದೇನೆ. ನಾಲ್ಕು ತಿಂಗಳ ಹಿಂದೆ ಕಂಪನಿ ಬದಲಿಸಿದೆ. ಬೇಡವೆಂದು ಫೋನಿನಲ್ಲಿ ಹೇಳಿದ್ದರೂ ಹಳೆಯವರು ಬಿಲ್ ಕಳಿಸುತ್ತಲೇ ಇದ್ದಾರೆ. ರೂಟರನ್ನು ಅವರ ಹುಡುಗ ತೆಗೆದುಕೊಂಡು ಹೋದ, ರಸೀದಿ ಕೊಡಲಿಲ್ಲ.
ಕಾಲೇಜು ಉಪನ್ಯಾಸಕ, ಹಾಸನ

ಉತ್ತರ: ಫೋನಿನಲ್ಲಿ ಹೇಳಿದ ಮಾತಿಗೆ ಗುರುತು ಉಳಿಯುವುದಿಲ್ಲ ಸರ್. ಇಂದೇ ಇಮೇಲ್ ಬರೆಯಿರಿ: ಯಾವ ದಿನ ಬೇಡವೆಂದಿರಿ, ಯಾವ ದಿನ ರೂಟರ್ ಕೊಟ್ಟಿರಿ, ಹುಡುಗ ಯಾವ ಮೊಬೈಲಿನಿಂದ ಕರೆ ಮಾಡಿದ್ದ ಎಲ್ಲವೂ ಇರಲಿ. ಆ ಕರೆಯ ದಾಖಲೆ ನಿಮ್ಮ ಮೊಬೈಲಿನಲ್ಲಿ ಇನ್ನೂ ಇದ್ದರೆ ಚಿತ್ರ ತೆಗೆದು ಜೊತೆಗೆ ಕಳಿಸಿ. ದೂರಿಗೆ ಡಾಕೆಟ್ ನಂಬರ್ ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕು. ಮೊದಲ ದೂರಿಗೆ ಸರಿಯಾದ ಉತ್ತರ ಬರದಿದ್ದರೆ ಅಲ್ಲಿಗೆ ಹೋಗಿ, ಅದಕ್ಕೆ ಹಣ ಕಟ್ಟಬೇಕಿಲ್ಲ. ಅದಕ್ಕೂ ಬಗ್ಗದಿದ್ದರೆ 1915 ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ದೂರಸಂಪರ್ಕದ ತಕರಾರನ್ನು ಗ್ರಾಹಕ ಆಯೋಗ ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಬಳಸಿದ ಕೊನೆಯ ದಿನದವರೆಗಿನ ಬಾಕಿ ಇದ್ದರೆ ಅದನ್ನು ಮಾತ್ರ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ: ಬೇಲೂರಿನ ಹತ್ತಿರ ನಮ್ಮದು ಅಜ್ಜನ ಕಾಲದ ತೊಟ್ಟಿ ಮನೆ. ಹಜಾರದಲ್ಲಿ ನೆಟ್ ಚೆನ್ನಾಗಿದೆ, ಹಿಂದಿನ ಕೋಣೆಗೆ ಬರುವುದೇ ಇಲ್ಲ. ಕಂಪನಿ ಬದಲಿಸಲೇ?

ಉತ್ತರ: ಬೇಡ. ಹಜಾರದವರೆಗೆ ತಂದುಕೊಡುವುದು ಕಂಪನಿಯ ಕೆಲಸ, ಅದನ್ನು ಅವರು ಮಾಡಿದ್ದಾರೆ. ಮುಂದೆ ಅಡ್ಡ ನಿಂತಿರುವುದು ನಿಮ್ಮ ಅಜ್ಜ ಕಟ್ಟಿಸಿದ ಎರಡಡಿ ಮಣ್ಣಿನ ಗೋಡೆ. ರೂಟರಿನಲ್ಲಿ ಎರಡು ಹೆಸರಿನ ವೈಫೈ ಕಾಣಿಸುತ್ತಿದ್ದರೆ, 5 ಗಿಗಾಹರ್ಟ್ಸ್‌ನದನ್ನು ಬಿಟ್ಟು 2.4ರದ್ದನ್ನು ಹಿಡಿದು ನೋಡಿ, ಅದು ಗೋಡೆಗಳನ್ನು ಹೆಚ್ಚು ದಾಟುತ್ತದೆ. ಸಾಲದಿದ್ದರೆ ತೊಟ್ಟಿಯ ಸೂರಿನಡಿಯಲ್ಲಿ ಒಂದು ಲ್ಯಾನ್ ಕೇಬಲ್ ಎಳೆಸಿ, ಹಿಂದಿನ ಕೋಣೆಯಲ್ಲಿ ಇನ್ನೊಂದು ರೂಟರ್ ಇಡಿ. ಹೆಂಚಿನ ನೀರು ಕೇಬಲ್ಲಿನ ಗುಂಟ ಇಳಿದು ರೂಟರಿಗೆ ತಲುಪದಂತೆ, ಒಳಗೆ ಬರುವ ಮುನ್ನ ಅದನ್ನು ತುಸು ಕೆಳಕ್ಕೆ ಜೋತುಬೀಳುವಂತೆ ಬಾಗಿಸಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಲಿ.