ಇಸ್ಲಾಂ ಪ್ರಕಾರ ನರಕಕ್ಕೆ ಹೋದವರು ಶಾಶ್ವತವಾಗಿ ಅಲ್ಲೇ ಇರ್ತಾರಾ?

ಎಲ್ಲರೂ ಅಲ್ಲ. ನರಕಕ್ಕೆ ಬಿದ್ದರೆ ಕಥೆ ಮುಗೀತು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಸುನ್ನಿ ಪರಂಪರೆಯ ಮುಖ್ಯ ನಿಲುವು ಬೇರೆಯೇ ಇದೆ: ಅಲ್ಲಾಹನನ್ನು ನಂಬಿದವನು ಎಷ್ಟೇ ಪಾಪ ಮಾಡಿದ್ದರೂ ಒಂದಲ್ಲ ಒಂದು ದಿನ ಹೊರಗೆ ಬರುತ್ತಾನೆ.

ಇದಕ್ಕೆ ಆಧಾರವಾದ ಒಂದು ಹದೀಸ್ (ಪ್ರವಾದಿ ಮುಹಮ್ಮದರ ಮಾತಿನ ವರದಿ) ನನ್ನನ್ನು ಪ್ರತಿ ಸಲವೂ ತಟ್ಟುತ್ತದೆ. ಎದೆಯಲ್ಲಿ ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದವರನ್ನೂ ಬೆಂಕಿಯಿಂದ ಹೊರತೆಗೆಯಿರಿ ಎಂದು ದೇವರ ಅಪ್ಪಣೆಯಾಗುತ್ತದೆ. ಅಷ್ಟರಲ್ಲಿ ಅವರು ಸುಟ್ಟು ಕರಕಲಾಗಿರುತ್ತಾರೆ. ಅವರನ್ನು ಜೀವದ ನದಿಗೆ ಹಾಕುತ್ತಾರೆ. ನೆರೆ ಬಂದ ಜಾಗದಲ್ಲಿ ಬೀಜ ಮೊಳೆಯುತ್ತದಲ್ವಾ, ಹಳದಿಯಾಗಿ, ಸುರುಳಿ ಸುತ್ತಿಕೊಂಡು? ಹಾಗೇ ಅವರು ಮತ್ತೆ ಚಿಗುರುತ್ತಾರೆ.

ತರ್ಕಕ್ಕೆ ಹೆಚ್ಚು ಒತ್ತು ಕೊಟ್ಟ ಹಳೆಯ ಇಸ್ಲಾಮಿಕ್ ಪಂಥವಾದ ಮುಅತಜಿಲಾದವರು ಇದನ್ನು ಒಪ್ಪಲಿಲ್ಲ. ದೊಡ್ಡ ಪಾಪ ಮಾಡಿ, ತೌಬಾ (ಪಶ್ಚಾತ್ತಾಪ) ಮಾಡದೆ ಸತ್ತವನಿಗೆ ಬಿಡುಗಡೆ ಇಲ್ಲ ಎಂಬುದು ಅವರ ವಾದ.

ಹಾಗಾದರೆ ನಂಬದವರ ಗತಿ? ಅವರಿಗೆ ನರಕ ಶಾಶ್ವತ ಎಂದೇ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಆದರೆ ಕುರಾನ್‌ನ 11ನೇ ಅಧ್ಯಾಯದ 107ನೇ ವಚನದಲ್ಲಿ, ನರಕದಲ್ಲಿ ಇರುವವರ ಬಗ್ಗೆ ಹೇಳುತ್ತಾ, ‘ನಿನ್ನ ಪ್ರಭು ಬೇರೆ ಬಯಸಿದರೆ ಹೊರತು’ ಎಂಬ ಅರ್ಥದ ಮಾತು ಬರುತ್ತದೆ. ಈ ಒಂದು ಮಾತಿನ ಮೇಲೆ ಎಷ್ಟೊಂದು ಚರ್ಚೆ ನಡೆದಿದೆ! 1350ರಲ್ಲಿ ತೀರಿಕೊಂಡ ಡಮಾಸ್ಕಸ್‌ನ ವಿದ್ವಾಂಸ ಇಬ್ನ್ ಕಯ್ಯಿಮ್, ಕೊನೆಗೆ ನರಕದ ಬೆಂಕಿಯೇ ಆರಿಹೋಗಬಹುದು ಎಂಬ ವಾದವನ್ನು ಉದ್ದಕ್ಕೆ ಬರೆದಿಟ್ಟರು. ದೇವರ ಕರುಣೆ ಅವನ ಕೋಪಕ್ಕಿಂತ ಜಾಸ್ತಿ ಅಲ್ವಾ ಎಂಬುದೇ ಅದರ ತಿರುಳು.

ಇನ್ನು ಇಸ್ಲಾಂನ ಸಂದೇಶವೇ ತಲುಪದವರು, ಅಥವಾ ತಿರುಚಿದ ರೂಪದಲ್ಲಿ ಮಾತ್ರ ಕೇಳಿದವರು ಇದ್ದಾರೆ. 1111ರಲ್ಲಿ ತೀರಿಕೊಂಡ ಹೆಸರಾಂತ ಸುನ್ನಿ ವಿದ್ವಾಂಸ ಗಝಾಲಿ, ಅವರಿಗೆ ಕ್ಷಮೆಯಿದೆ ಎಂದು ಬರೆದಿದ್ದಾರೆ.